ಗಾರೆಯಿಲ್ಲದ ಸೇತುವೆ, ರೈಲಿಲ್ಲದ ದಾರಿ

ಬಾಸ್ಟನ್ನಿನ ಪತ್ರಿಕಾ ಸಂಪಾದಕರೊಬ್ಬರು 1827ರಲ್ಲಿ ರೈಲ್ವೆಯನ್ನು ಚೆನ್ನಾಗಿ ಗೇಲಿ ಮಾಡಿ ಬರೆದರು. ಬಾಸ್ಟನ್ನಿನಿಂದ ಆಲ್ಬನಿಗೆ ರೈಲು ಹಾಕುವ ಖರ್ಚೆಂದರೆ ಹೆಚ್ಚುಕಡಿಮೆ ಇಡೀ ಮ್ಯಾಸಚೂಸೆಟ್ಸ್ ನೆಲದ ಬೆಲೆ. ಹಾಗೂ ಹೀಗೂ ಹಾಕಿದರೆಂದೇ ಇಟ್ಟುಕೊಳ್ಳಿ, ಅದರ ಪ್ರಯೋಜನ ಬಾಸ್ಟನ್ನಿನಿಂದ ಚಂದ್ರಲೋಕಕ್ಕೆ ರೈಲು ಹಾಕಿದಷ್ಟೇ ಎಂಬುದು ಅವರ ಮಾತಿನ ತಾತ್ಪರ್ಯ. ಓದಿದವರು ನಕ್ಕಿರಬೇಕು. ಅದಾಗಿ ಹದಿನಾಲ್ಕನೇ ವರ್ಷಕ್ಕೆ, 1841ರಲ್ಲಿ, ರೈಲು ಆ ಬೆಟ್ಟಗಳನ್ನು ಹತ್ತಿ ಇಳಿಯಿತು. ನಮ್ಮ ಬೊಂಬಾಯಿ–ಠಾಣೆ ರೈಲು ಓಡಲು ಇನ್ನೂ ಹನ್ನೆರಡು ವರ್ಷ ಬಾಕಿಯಿತ್ತು.

ಸಂಪಾದಕರನ್ನು ಪೂರಾ ದೂರುವಂತಿಲ್ಲ. ಆಗ ಬಾಸ್ಟನ್ನಿನ ವರ್ತಕರಿಗೆ ಇದ್ದದ್ದು ರೈಲಿನ ಮೋಹವಲ್ಲ, ನ್ಯೂಯಾರ್ಕಿನ ಭಯ. 1825ರಲ್ಲಿ ಎರಿ ಕಾಲುವೆ ತೆರೆದದ್ದೇ ತಡ, ಒಳನಾಡಿನ ಗೋಧಿ, ಮರಮುಟ್ಟು ಎಲ್ಲವೂ ದೋಣಿಯೇರಿ ಆಲ್ಬನಿಗೆ ಬಂದು ಅಲ್ಲಿಂದ ಹಡ್ಸನ್ ನದಿಗುಂಟ ನ್ಯೂಯಾರ್ಕಿಗೆ ಇಳಿದು ಹೋಗತೊಡಗಿತು. ಆಲ್ಬನಿಯಿಂದ ಬಾಸ್ಟನ್ನಿಗೆ ಇರುವುದು ಇನ್ನೂರು ಮೈಲಿ. ಆದರೆ ನಡುವೆ ಬರ್ಕ್‌ಷೈರ್ ಬೆಟ್ಟಸಾಲು ಅಡ್ಡ ಮಲಗಿದೆ. ಆಗುಂಬೆ, ಶಿರಾಡಿ ಕಂಡವರ ಕಣ್ಣಿಗೆ ಇದೇನು ಬೆಟ್ಟ ಎನ್ನಿಸಬಹುದು. ಎತ್ತರ ಕಡಿಮೆ, ತುದಿಗಳು ಸವೆದು ದುಂಡಗಾಗಿವೆ. ಆದರೆ ಕಣಿವೆಗಳು ಇಕ್ಕಟ್ಟು, ಕಲ್ಲು ಗಟ್ಟಿ, ಹೊಳೆಗಳು ಹಾವಿನ ಹಾಗೆ ಹೊರಳುತ್ತವೆ. ಅಂದಿನ ಉಗಿಯಂತ್ರಗಳಿಗೆ ಸಮನೆಲದಲ್ಲೇ ಏದುಸಿರು. ಪೆನ್ಸಿಲ್ವೇನಿಯಾದವರು 1834ರಲ್ಲಿ ಅಲೆಗೆನಿ ಬೆಟ್ಟ ದಾಟಲು ಮಾಡಿದ್ದ ಉಪಾಯವೆಂದರೆ ಹತ್ತು ಇಳಿಜಾರುಗಳನ್ನು ಕಟ್ಟಿ, ಮೇಲೆ ಯಂತ್ರ ನಿಲ್ಲಿಸಿ, ಬಾವಿಯಿಂದ ಕೊಡ ಸೇದುವಂತೆ ಹಗ್ಗದಿಂದ ಗಾಡಿಗಳನ್ನು ಸೇದುವುದು. ರೈಲು ತನ್ನ ಕಾಲ ಮೇಲೆ ತಾನೇ ಬೆಟ್ಟ ಹತ್ತುತ್ತದೆಂದು ನಂಬಿದವರು ಕಡಿಮೆ.

ನಂಬಿದವರಲ್ಲಿ ಒಬ್ಬ ಜಾರ್ಜ್ ವಾಷಿಂಗ್ಟನ್ ವಿಸ್ಲರ್. 1800ರಲ್ಲಿ ಹುಟ್ಟಿದವನು, ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದಿದವನು, 1828ರಲ್ಲೇ ಇಂಗ್ಲೆಂಡಿಗೆ ಹೋಗಿ ಅಲ್ಲಿನ ರೈಲ್ವೆಗಳನ್ನು ಕಣ್ಣಾರೆ ನೋಡಿಕೊಂಡು ಬಂದವನು. ವೆಸ್ಟರ್ನ್ ರೈಲ್‌ರೋಡ್ ಎಂಬ ಹೆಸರಿನ ಕಂಪನಿ ವೂಸ್ಟರ್ ಊರಿನಿಂದ ಆಲ್ಬನಿಯ ಕಡೆಗೆ ಹಳಿ ಹಾಕಲು ಹೊರಟಾಗ ನೇಮಿಸಿಕೊಂಡ ಇಂಜಿನಿಯರುಗಳು ಮೂವರು: ವಿಸ್ಲರ್, ಮೆಕ್‌ನೀಲ್ ಮತ್ತು ಸ್ವಿಫ್ಟ್. ಸ್ವಿಫ್ಟ್ ಎಂಬವನು ವಿಸ್ಲರನ ತೀರಿಹೋದ ಮೊದಲ ಹೆಂಡತಿಯ ಒಡಹುಟ್ಟಿದವನು, ಮೆಕ್‌ನೀಲ್ ಎರಡನೇ ಹೆಂಡತಿಯ ಅಣ್ಣ. ಇಂಜಿನಿಯರಿಂಗ್ ಕಚೇರಿಯೆಂದರೆ ಬೀಗರ ಕೂಟವೇ. ನಮ್ಮ ಕಡೆಯಾಗಿದ್ದರೆ ಇದೊಂದಕ್ಕೇ ವಿಧಾನಸಭೆಯಲ್ಲಿ ಪ್ರಶ್ನೆ ಏಳುತ್ತಿತ್ತು. ಕೆಲಸ ಮಾತ್ರ ನಂಟಸ್ತಿಕೆಯ ಕೆಲಸದ ಹಾಗೆ ಆಗಲಿಲ್ಲ.

ವೆಸ್ಟ್‌ಫೀಲ್ಡ್ ನದಿಯ ಪಶ್ಚಿಮ ಕವಲು ಬೆಟ್ಟದಿಂದ ಇಳಿದು ಬರುವ ದಾರಿಯನ್ನೇ ರೈಲು ಹತ್ತಿ ಹೋಗುವ ದಾರಿ ಮಾಡಿಕೊಳ್ಳುವುದೆಂದು ವಿಸ್ಲರ್ ತೀರ್ಮಾನಿಸಿದ. ಚೆಸ್ಟರ್ ಎಂಬ ಸಣ್ಣ ಊರಿನಿಂದ ವಾಷಿಂಗ್ಟನ್ ಎಂಬ ಇನ್ನೂ ಸಣ್ಣ ಊರಿನ ನೆತ್ತಿಯವರೆಗೆ ಸುಮಾರು ಹದಿಮೂರು ಮೈಲಿ ಏರು. ನೆತ್ತಿಯ ಎತ್ತರ ಸಮುದ್ರಮಟ್ಟದಿಂದ 1,458 ಅಡಿ. ಅತ್ಯಂತ ಕಡಿದಾದ ಕಡೆ ಅರವತ್ತು ಅಡಿ ಮುಂದೆ ಹೋದರೆ ಒಂದಡಿ ಮೇಲೇರಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಹಳಿಯಲ್ಲಿ ಐವತ್ತಕ್ಕೆ ಒಂದಡಿ. ಹೊಳೆ ಹೊರಳುತ್ತದೆ, ರೈಲು ಅಷ್ಟು ಹೊರಳಲಾರದು. ಆದ್ದರಿಂದ ಹಳಿ ಹೊಳೆಯನ್ನು ಮತ್ತೆ ಮತ್ತೆ ದಾಟಬೇಕು. ಹಾಗೆ ದಾಟಲು 1840 ಮತ್ತು 41ರಲ್ಲಿ ಕಟ್ಟಿದ್ದು ಹತ್ತು ಕಲ್ಲುಕಮಾನಿನ ಸೇತುವೆಗಳು. ಕೆಲವು ಕಾಲಾಂತರದಲ್ಲಿ ಹೋದವು. ಕೆಲವಿನ ಮೇಲೆ ಈಗಲೂ ರೈಲು ಓಡುತ್ತದೆ. ಇನ್ನು ಕೆಲವು ಕಾಡಿನ ಒಳಗೆ ಹಳಿಯಿಲ್ಲದೆ, ಸದ್ದಿಲ್ಲದೆ ನಿಂತಿವೆ. ಕೀಸ್ಟೋನ್ ಆರ್ಚ್ ಬ್ರಿಜಸ್ ಟ್ರೇಲ್ ಎಂಬ ಕಾಲುದಾರಿ ನಮ್ಮನ್ನು ಕರೆದೊಯ್ಯುವುದು ಇವುಗಳ ಬಳಿಗೆ.

ದಾರಿ ಕಷ್ಟದ್ದಲ್ಲ. ಚೆಸ್ಟರ್ ಊರಿನ ಹಳೆಯ ರೈಲು ನಿಲ್ದಾಣ ಈಗ ಸಣ್ಣ ವಸ್ತುಸಂಗ್ರಹಾಲಯ. ಅಲ್ಲಿಂದ ಮಿಡ್ಲ್‌ಫೀಲ್ಡ್ ಕಡೆಯ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಕಾಲುದಾರಿಯ ಬಾಯಿ. ಹೋಗಿ ಬರಲು ಸುಮಾರು ಐದು ಮೈಲಿ. ನಿಧಾನಕ್ಕೆ ನಡೆದು, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು, ಬುತ್ತಿ ಬಿಚ್ಚಿದರೂ ನಾಲ್ಕು ಗಂಟೆ ಸಾಕು. ರೈಲಿಗಿಂತ ಮೊದಲು ಇದೇ ಕಣಿವೆಯಲ್ಲಿ ಸುಂಕದ ಗಾಡಿರಸ್ತೆಯೊಂದಿತ್ತು. ಎತ್ತಿನ ಗಾಡಿ, ಕುದುರೆ ಸಾರೋಟು ಹೋದ ಆ ರಸ್ತೆಯ ಗುರುತು ಅಲ್ಲಲ್ಲಿ ಕಾಡಿನ ನಡುವೆ ಅಗಲವಾದ ಪಟ್ಟಿಯ ಹಾಗೆ ಉಳಿದಿದೆ. ಹೆಮ್‌ಲಾಕ್ ಎಂಬ ಸೂಜಿಯೆಲೆಯ ಮರಗಳು ಹೊಳೆಯ ದಂಡೆಯನ್ನು ಕತ್ತಲು ಮಾಡಿರುತ್ತವೆ. ಮೇಲಿನ ಇಳಿಜಾರಿನಲ್ಲಿ ಬೀಚ್, ಮೇಪಲ್, ಬರ್ಚ್. ನೆಲವೆಲ್ಲ ಜರೀಗಿಡ. ಅಕ್ಟೋಬರಿನ ಮೊದಲೆರಡು ವಾರ ಎಲೆಗಳಿಗೆ ಬಣ್ಣ ಬರುವಾಗ ಹೋದರೆ ಸೊಗಸು ಎನ್ನುತ್ತಾರೆ. ಸೊಗಸೇ. ಆದರೆ ಸೇತುವೆ ನೋಡುವುದೇ ಉದ್ದೇಶವಾದರೆ ನನ್ನ ಶಿಫಾರಸು ಎಲೆ ಉದುರಿದ ಮೇಲೆ ಅಥವಾ ಚಿಗುರುವ ಮುಂಚೆ. ಎಲೆ ತುಂಬಿದ ಕಾಡಿನಲ್ಲಿ ಎಪ್ಪತ್ತಡಿಯ ಸೇತುವೆಯೂ ಇಪ್ಪತ್ತು ಹೆಜ್ಜೆ ಹತ್ತಿರ ಬರುವವರೆಗೆ ಅಡಗಿರಬಲ್ಲದು. ಶರತ್ಕಾಲದ ಕೊನೆಯಲ್ಲಿ ಅಲ್ಲಿ ಬೇಟೆಯ ದಿನಗಳು ಬರುತ್ತವೆ, ಆಗ ದೂರಕ್ಕೆ ಕಾಣುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೋಗುವುದು ಜಾಣತನ.

ಇನ್ನೊಂದು ಎಚ್ಚರಿಕೆ ಮಲೆನಾಡಿನ ಓದುಗರಿಗೆ ತಟ್ಟನೆ ಅರ್ಥವಾಗುತ್ತದೆ. ಆ ಕಾಡಿನಲ್ಲಿ ಜಿಂಕೆ ಉಣುಗು ಇದೆ. ಲೈಮ್ ಕಾಯಿಲೆ ಹರಡುವುದು ಅದೇ. ಪಕ್ಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಹೆಸರನ್ನು ಆ ಕಾಯಿಲೆ ಹೊತ್ತಿದೆ, ನಮ್ಮ ಕ್ಯಾಸನೂರಿನ ಹೆಸರನ್ನು ಮಂಗನ ಕಾಯಿಲೆ ಹೊತ್ತ ಹಾಗೆ. ಕಾಲುಚೀಲದೊಳಗೆ ಪ್ಯಾಂಟು ತುರುಕಿ ನಡೆಯಿರಿ. ಮನೆಗೆ ಬಂದು ಮೈ ತಡವಿ ನೋಡಿಕೊಳ್ಳಿ.

ದಾರಿ ಹಿಡಿದ ಸ್ವಲ್ಪದರಲ್ಲೇ ಮೊದಲಿಗೆ ಸಿಗುವುದು ಜೋಡಿ ಕಮಾನು. ಅದರ ಮೇಲೆ ರೈಲು ಈಗಲೂ ಓಡುತ್ತದೆ, ಹಾಗಾಗಿ ಮೇಲೆ ಹತ್ತಬಾರದು. ಹತ್ತಿದರೆ ಅತಿಕ್ರಮಣವೂ ಹೌದು, ಅಪಾಯವೂ ಹೌದು. ಕೆಳಗೆ ನಿಂತು ನೋಡಬೇಕು. ಮುಂದೆ ಕಾಡಿನೊಳಗೆ ಸಿಗುವವು ರೈಲು ಬಿಟ್ಟುಹೋದ ಸೇತುವೆಗಳು. ಅವುಗಳ ಕೆಳಗೂ ಹೋಗಬಹುದು, ಮೇಲೂ ನಡೆಯಬಹುದು. ಎರಡನ್ನೂ ಮಾಡಬೇಕು, ಮೊದಲು ಕೆಳಗೆ.

ಕೆಳಗೆ ಹೊಳೆಯ ಬಂಡೆಗಳ ಮೇಲೆ ನಿಂತು ಕತ್ತೆತ್ತಿದರೆ ಕಮಾನಿನ ಹೊಟ್ಟೆ ಕಾಣುತ್ತದೆ. ಒಂದೊಂದು ಕಲ್ಲೂ ಮೇಜಿನ ಗಾತ್ರ, ಕೆಲವು ಬೀರುವಿನ ಗಾತ್ರ. ಸಾಲು ಸಾಲಾಗಿ, ಸಂದಿಗೆ ಸಂದಿ ಕೂಡದಂತೆ ಜೋಡಿಸಿದ್ದಾರೆ. ಹತ್ತಿರ ಹೋಗಿ ಬೆರಳಿಟ್ಟು ನೋಡಿ: ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ, ಸುಣ್ಣವಿಲ್ಲ, ಸೀಸವಿಲ್ಲ. ಹಂಪೆಯ ಕೋಟೆಗೋಡೆಗಳಲ್ಲಿ ಗಾರೆಯಿಲ್ಲದ ಕಟ್ಟಡ ನೋಡಿದವರಿಗೆ ಇದು ಹೊಸದಲ್ಲ. ಆದರೆ ಗೋಡೆ ನೆಲದ ಮೇಲೆ ಕೂತಿರುತ್ತದೆ. ಇದು ಗಾಳಿಯಲ್ಲಿ ನಿಂತು ರೈಲನ್ನು ಹೊತ್ತದ್ದು.

ಹೇಗೆ ನಿಂತಿತು? ಕಟ್ಟುವಾಗ ಮೊದಲು ಹೊಳೆಗೆ ಅಡ್ಡಲಾಗಿ ಮರದ ಸೆಂಟ್ರಿಂಗ್ ನಿಲ್ಲಿಸುತ್ತಾರೆ. ನಮ್ಮ ಮೇಸ್ತ್ರಿಗಳು ತಾರಸಿಗೆ ಮಾಡುವಂಥದೇ, ಆದರೆ ಬಿಲ್ಲಿನ ಆಕಾರದ್ದು. ಅದರ ಮೇಲೆ ಎರಡೂ ದಡಗಳಿಂದ ಕಲ್ಲು ಪೇರಿಸುತ್ತ ಬರುತ್ತಾರೆ. ಪ್ರತಿ ಕಲ್ಲನ್ನೂ ಬೆಣೆಯ ಹಾಗೆ, ಮೇಲೆ ತುಸು ಅಗಲ, ಕೆಳಗೆ ತುಸು ಕಿರಿದು ಮಾಡಿ ಕೆತ್ತಿರುತ್ತಾರೆ. ನೆತ್ತಿಯಲ್ಲಿ ಎರಡೂ ಸಾಲು ಸೇರುವ ಜಾಗದಲ್ಲಿ ಕೊನೆಯ ಕಲ್ಲನ್ನು ಇಳಿಸುತ್ತಾರೆ. ಅದಕ್ಕೇ ಕೀಸ್ಟೋನ್ ಎಂಬ ದೊಡ್ಡ ಹೆಸರು. ನಂತರ ಸೆಂಟ್ರಿಂಗ್ ಕಳಚುತ್ತಾರೆ. ಪ್ರತಿ ಕಲ್ಲೂ ಬೀಳಲು ಹೊರಡುತ್ತದೆ, ಪಕ್ಕದ ಕಲ್ಲು ಬಿಡುವುದಿಲ್ಲ. ಬೀಳುವ ಭಾರವೆಲ್ಲ ಪಕ್ಕದ ಕಲ್ಲನ್ನು ಒತ್ತುವ ಭಾರವಾಗಿ, ಕಲ್ಲಿನಿಂದ ಕಲ್ಲಿಗೆ ಇಳಿದು, ಕಡೆಗೆ ದಡದ ಬಂಡೆಗೆ ಹೋಗಿ ಸೇರುತ್ತದೆ. ಕಲ್ಲನ್ನು ಎಳೆದರೆ ಬಿರುಕು ಬಿಡುತ್ತದೆ, ಒತ್ತಿದರೆ ತಡೆದುಕೊಳ್ಳುತ್ತದೆ. ಕಮಾನಿನ ಕಲ್ಲಿಗೆ ಎಳೆತ ಇಲ್ಲ, ಒತ್ತಡ ಮಾತ್ರ. ಮೇಲೆ ಕಲ್ಲುಮಣ್ಣು ತುಂಬಿ ಭಾರ ಹೇರಿದಷ್ಟೂ ಒಂದಕ್ಕೊಂದು ಬಿಗಿಯಾಗುತ್ತವೆ.

ಕೀಸ್ಟೋನಿನ ಪ್ರಖ್ಯಾತಿ ಸ್ವಲ್ಪ ಅತಿಯಾಯಿತೆಂದು ನನ್ನ ಅಭಿಪ್ರಾಯ. ಸಾಲಿನಲ್ಲಿ ಯಾವ ಕಲ್ಲನ್ನು ತೆಗೆದರೂ ಕಮಾನು ಬೀಳುತ್ತದೆ. ನೆತ್ತಿಯ ಕಲ್ಲು ಮಾಡಿದ ವಿಶೇಷವೆಂದರೆ ಎಲ್ಲರಿಗಿಂತ ತಡವಾಗಿ ಬಂದು ಎಲ್ಲರಿಗಿಂತ ಎತ್ತರದಲ್ಲಿ ಕೂತದ್ದು.

ಈ ಕಲ್ಲಿನ ಕೆಲಸವನ್ನು ಗುತ್ತಿಗೆ ಹಿಡಿದವನು ಅಲೆಕ್ಸಾಂಡರ್ ಬರ್ನಿ. ಅವನ ಹೆಸರು ದಾಖಲೆಯಲ್ಲಿದೆ. ವಿಸ್ಲರನ ಹೆಸರಂತೂ ಇದ್ದೇ ಇದೆ. ಮಣ್ಣು ಅಗೆದು, ಬಂಡೆ ಒಡೆದು, ಕಲ್ಲು ಸಾಗಿಸಿದ ಕೂಲಿಗಳಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ಬಂದವರು. ಐರ್ಲೆಂಡಿನ ಮಹಾಕ್ಷಾಮ ಬಂದದ್ದು 1845ರಲ್ಲಿ. ಇವರು ಅದಕ್ಕೂ ಮೊದಲೇ ಹಡಗು ಹತ್ತಿದವರು. ಹಳಿ ಹೋದ ಕಡೆಯೆಲ್ಲ ಜೋಪಡಿ ಹಾಕಿಕೊಂಡು, ಅದು ಮುಂದೆ ಹೋದ ಹಾಗೆ ಜೋಪಡಿ ಕಿತ್ತುಕೊಂಡು ಹೋದರು. ಅವರು ಬಿಟ್ಟ ಗುರುತನ್ನು ನೋಡಬೇಕಾದರೆ ಸೇತುವೆಯ ಕೆಳಗಿನಿಂದ ಮೇಲೆ ಹತ್ತಿ ಹಳೆಯ ರೈಲುಹಾದಿಗೆ ಬರಬೇಕು.

ಅಲ್ಲಿ ಬಂಡೆಯನ್ನು ಸೀಳಿ ಮಾಡಿದ ಓಣಿಯಿದೆ. ಎರಡೂ ಕಡೆ ಕಲ್ಲಿನ ಗೋಡೆ, ಪಾಚಿ ಬೆಳೆದು ಹಸಿರಾದದ್ದು, ಸದಾ ನೀರು ಜಿನುಗುವಂಥದು. ಗಮನವಿಟ್ಟು ನೋಡಿದರೆ ಬಂಡೆಯ ಮೈಮೇಲೆ ಅರೆಕೊಳವೆಯ ಹಾಗೆ ಉದ್ದುದ್ದ ಗೀರುಗಳು ಕಾಣುತ್ತವೆ. ಒಬ್ಬ ಉಕ್ಕಿನ ಸರಳನ್ನು ಹಿಡಿದು ತಿರುಗಿಸುತ್ತ ಹೋಗುವುದು, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುತ್ತ ಹೋಗುವುದು. ತೂತು ಆಳವಾದ ಮೇಲೆ ಅದರಲ್ಲಿ ಕರಿಮದ್ದು ತುಂಬಿ ಬತ್ತಿ ಹಚ್ಚಿ ಓಡುವುದು. ಸಿಡಿದ ಬಂಡೆಯಲ್ಲಿ ತೂತಿನ ಅರ್ಧ ಉಳಿದದ್ದೇ ಈ ಗೀರು. ಡೈನಮೈಟ್ ಬಂದದ್ದು 1867ರಲ್ಲಿ. ಇವರ ಕಾಲಕ್ಕೆ ಅದು ಇನ್ನೂ ಹುಟ್ಟಿರಲಿಲ್ಲ. ಉಗಿ ಕೊರೆಯುವ ಯಂತ್ರವೂ ಇಲ್ಲ. ಗೀರಿನಲ್ಲಿ ಬೆರಳಾಡಿಸುತ್ತ ಹೋದರೆ ನಡುನಡುವೆ ತುಸು ವಾರೆ ಸಿಗುತ್ತದೆ: ಸರಳು ಹಿಡಿದವನ ಕೈ ದಣಿದ ಜಾಗ ಇರಬಹುದು, ಕಲ್ಲಿನ ಎಳೆ ಅಡ್ಡ ಬಂದ ಜಾಗವೂ ಇರಬಹುದು. ಹೆಸರು ಬರೆಯಲು ಬಾರದವರ ಸಹಿ ಎಂದೇ ನಾನು ಅದನ್ನು ಓದಿಕೊಂಡೆ.

ರೈಲು ಓಡಲು ಶುರುವಾದಾಗ ಸೇತುವೆಗಳು ತೋರಿದ ಧೈರ್ಯವನ್ನು ಇಂಜಿನ್ನುಗಳು ತೋರಲಿಲ್ಲ. ಬೆಟ್ಟದ ಏರಿಗೆಂದು ಬಾಲ್ಟಿಮೋರಿನ ರಾಸ್ ವಿನಾನ್ಸ್ ಕಟ್ಟಿಕೊಟ್ಟ ಇಂಜಿನ್ನುಗಳಿಗೆ ನೆಟ್ಟಗೆ ನಿಂತ ಬಾಯ್ಲರು. ಹಲ್ಲುಚಕ್ರದ ಏರ್ಪಾಡಿನಿಂದಾಗಿ ಅವುಗಳ ತೋಳು ಒಂದು ಕಡೆ ತಿರುಗಿದರೆ ಗಾಲಿ ಇನ್ನೊಂದು ಕಡೆ ತಿರುಗುತ್ತಿತ್ತು. ನೋಡುವವರಿಗೆ ಹಿಂದಕ್ಕೆ ನಡೆದಂತೆ ಕಾಣುತ್ತಿದ್ದರಿಂದ ಅವಕ್ಕೆ ಏಡಿ ಎಂದೇ ಹೆಸರು ಬಿತ್ತು. ಕಂಪನಿಗೆ ಅವು ಹೆಚ್ಚು ದಿನ ಸಮಾಧಾನ ಕೊಡಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ 1841ರ ಅಕ್ಟೋಬರ್ 5ರಂದು ಬಂತು. ವೆಸ್ಟ್‌ಫೀಲ್ಡ್ ಬಳಿ ಒಂದೇ ಹಳಿಯಲ್ಲಿ ಎದುರುಬದುರಾಗಿ ಬಂದ ಎರಡು ಪ್ರಯಾಣಿಕ ಗಾಡಿಗಳು ಢಿಕ್ಕಿ ಹೊಡೆದವು. ಜೀವಹಾನಿಯಾಯಿತು, ಹಲವರಿಗೆ ಗಾಯವಾಯಿತು. ಯಾವ ಗಾಡಿ ಯಾವಾಗ ಎಲ್ಲಿರಬೇಕು, ಇಲ್ಲದಿದ್ದರೆ ಯಾರು ಯಾರಿಗೆ ಹೇಳಬೇಕು ಎಂಬುದು ಅಲ್ಲಿಯವರೆಗೆ ಗಟ್ಟಿಯಾಗಿ ಗೊತ್ತಾಗಿರಲಿಲ್ಲ. ತನಿಖೆಯ ನಂತರ ಕಂಪನಿ ತನ್ನ ದಾರಿಯನ್ನು ಡಿವಿಜನ್ನುಗಳಾಗಿ ಹಂಚಿ, ಒಂದೊಂದಕ್ಕೂ ಮೇಲಧಿಕಾರಿ ಇಟ್ಟು, ಯಾರು ಯಾರಿಗೆ ವರದಿ ಒಪ್ಪಿಸಬೇಕೆಂಬುದನ್ನು ಕಾಗದದಲ್ಲಿ ಬರೆದಿಟ್ಟಿತು. ಅಮೆರಿಕದ ವ್ಯಾಪಾರಿ ಸಂಸ್ಥೆಗಳಲ್ಲಿ ಇಂಥ ವ್ಯವಸ್ಥೆ ಹುಟ್ಟಿದ್ದೇ ಇಲ್ಲಿ ಎಂದು ಚರಿತ್ರಕಾರ ಆಲ್ಫ್ರೆಡ್ ಚಾಂಡ್ಲರ್ ಬರೆದಿದ್ದಾರೆ. ಮೈಸೂರು ಡಿವಿಜನ್, ಹುಬ್ಬಳ್ಳಿ ಡಿವಿಜನ್ ಎಂದು ನಾವು ದಿನವೂ ಆಡುವ ಮಾತಿನ ಹಿಂದೆ ಇಂಥ ಪೆಟ್ಟುಗಳೂ ಇರುತ್ತವೆ.

ವಿಸ್ಲರ್ ಅಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಸೇತುವೆ ಕೆಲಸ ನಡೆಯುತ್ತಿದ್ದ ಕಾಲದಲ್ಲೇ ಅಮೆರಿಕದ ರೈಲ್ವೆಗಳನ್ನು ನೋಡಲು ಮೆಲ್ನಿಕೊವ್ ಮತ್ತು ಕ್ರಾಫ್ಟ್ ಎಂಬ ಇಬ್ಬರು ರಷ್ಯನ್ ಇಂಜಿನಿಯರುಗಳು ಬಂದಿದ್ದರು. ಅವರ ಮಾತಿನ ಮೇಲೆ 1842ರಲ್ಲಿ ಝಾರ್ ದೊರೆ ಒಂದನೇ ನಿಕೊಲಸ್‌ನಿಂದ ಕರೆ ಬಂತು: ಸೇಂಟ್ ಪೀಟರ್ಸ್‌ಬರ್ಗಿನಿಂದ ಮಾಸ್ಕೋಗೆ ರೈಲು ಹಾಕಲು ಸಲಹೆಗಾರನಾಗಬೇಕು. ಹೋದ. ರಷ್ಯದ ಹಳಿಗಳ ನಡುವಿನ ಅಂತರ ಐದಡಿ ಇರುವುದರ ಹಿಂದೆ ಅವನ ಸಲಹೆಯಿದೆ. ಆ ರೈಲು ಓಡಿದ್ದು 1851ರಲ್ಲಿ, ಅದನ್ನು ನೋಡಲು ಅವನಿರಲಿಲ್ಲ. 1849ರಲ್ಲೇ ಅಲ್ಲಿ ಕಾಲರಾ ಅವನನ್ನು ಒಯ್ದಿತ್ತು. ವಿಧವೆಯಾದ ಆನಾ ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಮರಳಿದಳು. ಮಕ್ಕಳಲ್ಲಿ ಒಬ್ಬ ಇಂಜಿನಿಯರಿಂಗ್ ಬಿಟ್ಟು ಬಣ್ಣ ಹಿಡಿದ. ಅವನು ಜೇಮ್ಸ್ ವಿಸ್ಲರ್. ಅವನು 1871ರಲ್ಲಿ ಬರೆದ, ಕರಿಯ ಉಡುಪಿನಲ್ಲಿ ಪಕ್ಕಕ್ಕೆ ಮುಖ ಮಾಡಿ ಕುರ್ಚಿಯಲ್ಲಿ ಕೂತ ಅಮ್ಮನ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲೋ ಪುಸ್ತಕದಲ್ಲೋ ನೋಡಿಯೇ ಇರುತ್ತೀರಿ. 1891ರಲ್ಲಿ ಫ್ರೆಂಚ್ ಸರ್ಕಾರ ಅದನ್ನು ಕೊಂಡಿತು. ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿ ಅದರ ಮುಂದೆ ಜನ ಗುಂಪುಗಟ್ಟುತ್ತಾರೆ. ಅಪ್ಪ ಕಟ್ಟಿದ್ದರ ಮುಂದೆ, ನಾವು ಹೋದ ದಿನ, ನಾವಿಬ್ಬರೇ.

ಇನ್ನು ಹಳಿ ಈ ಸೇತುವೆಗಳನ್ನು ಬಿಟ್ಟುಹೋದ ಕತೆ. ಅವು ಸೋತದ್ದರಿಂದ ಬಿಟ್ಟದ್ದಲ್ಲ. ಗಾಡಿಗಳು ಉದ್ದವಾದವು, ವೇಗವಾದವು, ಇಲ್ಲಿನ ತಿರುವು ಬಿಗಿಯೆನ್ನಿಸಿತು. 1912ರಲ್ಲಿ ಒಂದಷ್ಟು ದೂರ ದಾರಿಯನ್ನು ನೇರ ಮಾಡಿ ಹಳಿಯನ್ನು ಪಕ್ಕಕ್ಕೆ ಸರಿಸಿದರು. ತಿರುವಿನಲ್ಲಿದ್ದ ಸೇತುವೆಗಳು ಕೆಲಸದಿಂದ ನಿವೃತ್ತವಾದವು. ಉಳಿದವು ದುಡಿಯುತ್ತಲೇ ಇದ್ದವು. ಕಂಪನಿಗಳು ಒಂದನ್ನೊಂದು ನುಂಗಿದವು: ಬಾಸ್ಟನ್ ಅಂಡ್ ಆಲ್ಬನಿ ಬಂತು, ನ್ಯೂಯಾರ್ಕ್ ಸೆಂಟ್ರಲ್, ಪೆನ್ ಸೆಂಟ್ರಲ್, ಕಾನ್‌ರೈಲ್ ಬಂದು ಹೋದವು, 1999ರಿಂದ ಹಳಿ ಸಿಎಸ್‌ಎಕ್ಸ್ ಕಂಪನಿಯದು. ಉಗಿಯ ಕಾಲದಲ್ಲಿ ಈ ಏರು ಇಂಜಿನ್ನುಗಳಿಗೆ ಪರೀಕ್ಷೆಯ ಅಂಗಳವಾಗಿತ್ತು. 1925ರಲ್ಲಿ ಇಲ್ಲಿ ಪರೀಕ್ಷೆಗೊಳಗಾಗಿ ಗೆದ್ದ ಹೊಸ ಮಾದರಿಯ ಇಂಜಿನ್ನಿಗೆ ಬರ್ಕ್‌ಷೈರ್ ಎಂದೇ ಹೆಸರಾಯಿತು. ಆ ಹೆಸರಿನ ಇಂಜಿನ್ನುಗಳು ಆಮೇಲೆ ಅಮೆರಿಕದ ಉದ್ದಗಲಕ್ಕೂ ಓಡಿದವು.

ದುಡಿಯುವ ಸೇತುವೆಯ ಮೇಲೆ ಗೂಡ್ಸ್ ಗಾಡಿ ಹೋಗುವುದನ್ನು ಕೆಳಗೆ ನಿಂತು ನೋಡಬೇಕು. ಮೊದಲು ಕಣಿವೆಯೇ ಗುನುಗಿದ ಹಾಗೆ ಸದ್ದು. ಆಮೇಲೆ ನೆಲದ ಅದುರು. ಈಗಿನ ಒಂದು ಡೀಸೆಲ್ ಇಂಜಿನ್ನಿನ ತೂಕ ಸುಮಾರು 190 ಟನ್ನು, ಅಂಥವು ಎರಡು ಮೂರು ಒಟ್ಟಿಗೆ. ವಿಸ್ಲರನ ಕಾಲದ ಏಡಿಗಳು ಇಪ್ಪತ್ತು ಟನ್ನಿನ ಸುಮಾರಿನವು. ಹತ್ತುಪಟ್ಟು ಭಾರ ಬಂದರೂ ಕಮಾನು ಹೊತ್ತಿತು. ಅದಕ್ಕೆ ಕಾರಣ ಸರಳ. ಕಮಾನಿನ ಸ್ವಂತ ತೂಕ ಎಷ್ಟೆಂದರೆ ಮೇಲೆ ಹೋಗುವ ಗಾಡಿ ಅದಕ್ಕೆ ದೊಡ್ಡ ಹೊರೆಯಲ್ಲ. ಜೊತೆಗಿದ್ದ ಅಳಿಯ ಕೈಯಲ್ಲಿ ಫೋನು ಹಿಡಿದು ಡಬ್ಬಿ ಎಣಿಸುತ್ತಿದ್ದವರು ಎಂಬತ್ತರ ಮೇಲೆ ಲೆಕ್ಕ ತಪ್ಪಿಸಿಕೊಂಡು, “ಮಾವ, ಇದು ಕೊನೇ ಇಲ್ಲದ ಗಾಡಿ” ಎಂದರು. ಸಿವಿಲ್ ಇಂಜಿನಿಯರಾದ ಅವರು ಸ್ಪ್ರಿಂಗ್‌ಫೀಲ್ಡಿನಲ್ಲಿ ಸೇತುವೆಗಳ ತಪಾಸಣೆ ಮಾಡುವ ಕೆಲಸದಲ್ಲಿದ್ದಾರೆ. ಗಾಡಿ ದಾಟಿದ ಮೇಲೆ ಅವರು ಹೇಳಿದ ಮಾತು ನನಗೆ ಇಡೀ ದಾರಿ ಯೋಚನೆಗೆ ಹಚ್ಚಿತು. “ಈ ಸೇತುವೆ ಬಗ್ಗೆ ನನಗೆ ಚಿಂತೆಯಿಲ್ಲ ಮಾವ. ಕಾಡಲ್ಲಿರೋದರ ಬಗ್ಗೇನೇ ಚಿಂತೆ.”

ನಾನು ತಿಳಿದಿದ್ದೇ ಬೇರೆ. ಭಾರ ಹೊತ್ತದ್ದು ಸವೆಯುತ್ತದೆ, ಭಾರ ಇಳಿಸಿದ್ದು ಉಳಿಯುತ್ತದೆ ಎಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಅವರು ವಿವರಿಸಿದ್ದು ಹೀಗೆ. ಗಾಡಿ ಹೋಗುವ ಸೇತುವೆಯ ಹತ್ತಿರ ರೈಲ್ವೆಯ ಆಳುಗಳು ಬರುತ್ತಿರುತ್ತಾರೆ. ಗಿಡ ಸವರುತ್ತಾರೆ, ನೀರು ಹರಿದುಹೋಗುವ ದಾರಿ ಬಿಡಿಸುತ್ತಾರೆ, ಬಿರುಕು ಕಂಡರೆ ವರದಿ ಹೋಗುತ್ತದೆ. ಅಲ್ಲಿ ಏನಾದರೂ ಆದರೆ ನಷ್ಟ ಲಕ್ಷಗಟ್ಟಲೆ ಡಾಲರು. ಕಾಡಿನಲ್ಲಿರುವ ಸೇತುವೆ ಬಿದ್ದರೆ ಯಾರ ಗಾಡಿಯೂ ತಡವಾಗುವುದಿಲ್ಲ.

ಗಾರೆಯಿಲ್ಲದ ಕಟ್ಟಡದ ಬಲ ಇರುವುದೇ ಅದರ ಸಂದಿಗಳಲ್ಲಿ. ಮಳೆ ನೀರು ಒಳಗೆ ನಿಲ್ಲದೆ ಸೋರಿಹೋಗುತ್ತದೆ. ಆದರೆ ನೂರು ವರ್ಷ ಎಲೆ ಉದುರಿ, ಕೊಳೆತು, ಮಣ್ಣಾಗಿ ಸಂದಿಗಳನ್ನು ಮುಚ್ಚಿದಾಗ ನೀರು ಹೊಟ್ಟೆಯೊಳಗೇ ನಿಲ್ಲುತ್ತದೆ. ಅಲ್ಲಿನ ಚಳಿಗಾಲ ಎಂಥದೆಂದು ಹೇಳಬೇಕಾಗಿಲ್ಲ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಹಿಗ್ಗಿದ್ದು ಹೊರಗಿನ ಕಲ್ಲನ್ನು ಕೂದಲೆಳೆಯಷ್ಟು ಆಚೆಗೆ ತಳ್ಳುತ್ತದೆ. ಬೇಸಿಗೆಯಲ್ಲಿ ಕರಗಿದಾಗ ಆ ಸಂದಿಗೆ ಮಣ್ಣು ಇಳಿಯುತ್ತದೆ, ಕಲ್ಲು ಮರಳಿ ಹಿಂದಕ್ಕೆ ಬರುವುದಿಲ್ಲ. ಮುಂದಿನ ಚಳಿಗಾಲ ಇನ್ನೊಂದು ಕೂದಲೆಳೆ. ಕಮಾನಿಗಿಂತ ಮೊದಲು ಹೊರಗೆ ಉಬ್ಬುವುದು ಪಕ್ಕದ ರೆಕ್ಕೆಗೋಡೆ. ಆ ಗೋಡೆ ಹೋದರೆ ಕಮಾನಿನ ಮೇಲೆ ತುಂಬಿದ ಮಣ್ಣು ಕರಗುತ್ತದೆ. ಕಲ್ಲುಗಳನ್ನು ಒತ್ತಿ ಹಿಡಿದಿದ್ದ ಭಾರ ಒಂದು ಕಡೆ ಕಡಿಮೆಯಾಗಿ ಇನ್ನೊಂದು ಕಡೆ ಹಾಗೇ ಉಳಿದರೆ ಕಮಾನು ವಾರೆಯಾಗುತ್ತದೆ. ಸೇತುವೆಯ ಬುಡದಲ್ಲಿ ಹೊಳೆಯೂ ತನ್ನ ಕೆಲಸ ಮಾಡುತ್ತಿರುತ್ತದೆ. ಆ ಹೊಳೆಗೆ ಕೋಪ ಬಂದರೆ ಏನೆಂಬುದನ್ನು ಆ ಸೀಮೆಯವರು 1938ರಲ್ಲಿ, 1955ರಲ್ಲಿ, ಮತ್ತೆ 2011ರಲ್ಲಿ ಐರೀನ್ ಬಿರುಗಾಳಿ ಬಂದಾಗ ನೋಡಿದ್ದಾರೆ.

ಗೌರವಕ್ಕೇನೂ ಕೊರತೆಯಿಲ್ಲ. 1980ರಲ್ಲಿ ಈ ಸೇತುವೆಗಳು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದವು. 1993ರಲ್ಲಿ ವೆಸ್ಟ್‌ಫೀಲ್ಡ್ ನದಿಗೆ ಅಣೆಕಟ್ಟು ಕಟ್ಟದಂತೆ ಕಾಪಾಡುವ ‘ವೈಲ್ಡ್ ಅಂಡ್ ಸೀನಿಕ್’ ಪದವಿ ಬಂತು, ಮ್ಯಾಸಚೂಸೆಟ್ಸಿನಲ್ಲಿ ಆ ಪದವಿ ಪಡೆದ ಮೊದಲ ನದಿ ಅದು. 2021ರಲ್ಲಿ ಸೇತುವೆಗಳನ್ನೂ ಚೆಸ್ಟರ್ ನಿಲ್ದಾಣವನ್ನೂ ಸೇರಿಸಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಿದರು. ಅಮೆರಿಕದಲ್ಲಿ ಕಟ್ಟಡವೊಂದಕ್ಕೆ ಸಿಗುವ ಮರ್ಯಾದೆಗಳಲ್ಲಿ ಅದಕ್ಕಿಂತ ಮೇಲಿನದು ವಿರಳ. ಫ್ರೆಂಡ್ಸ್ ಆಫ್ ದ ಕೀಸ್ಟೋನ್ ಆರ್ಚಸ್ ಎಂಬ ಉತ್ಸಾಹಿಗಳ ಬಳಗವೊಂದಿದೆ. ಕಾಲುದಾರಿ ಇವತ್ತು ನಡೆಯುವಂತಿರುವುದು ಅಂಥವರಿಂದ. ಆದರೆ ಪದವಿಯ ಫಲಕಕ್ಕೂ ಕಲ್ಲು ಎತ್ತಿ ಕೂರಿಸುವ ಕೆಲಸಕ್ಕೂ ದೂರವಿದೆ. ಕಾಡಿನ ನಡುವೆ ರಸ್ತೆಯಿಲ್ಲದ ಕಡೆ ಕ್ರೇನು ತರಬೇಕು, ಗಾರೆ ಬಳಸದೆ ಟನ್‌ಗಟ್ಟಲೆ ತೂಕದ ಕಲ್ಲು ಕೂರಿಸುವ ಕೈ ಬೇಕು. ಸಿಮೆಂಟು ಮೆತ್ತಿ ಸಂದಿ ಮುಚ್ಚುವುದು ಸುಲಭ, ಆದರೆ ನೀರಿಗೆ ಇದ್ದ ಒಂದು ದಾರಿಯೂ ಮುಚ್ಚಿದಂತಾಯಿತು. ರಿಪೇರಿಯೇ ರೋಗವಾಗುವ ಜಾತಿಯ ಕಟ್ಟಡ ಇದು.

ಮೇಲೆ, ಹಳಿಯಿದ್ದ ಜಾಗದಲ್ಲಿ, ಈಗ ಹುಲ್ಲು ಮತ್ತು ಉದುರೆಲೆ. ಎರಡೂ ಬದಿಗೆ ಕಟಾಂಜನವಿಲ್ಲ. ಮಕ್ಕಳ ಕೈ ಹಿಡಿದುಕೊಳ್ಳಬೇಕು. ಅಂಚಿಗೆ ಬಗ್ಗದೆ, ಒಂದು ಮಾರು ಈಚೆಗೇ ನಿಂತರೂ ಹೊಳೆಯ ಸದ್ದು ಎಪ್ಪತ್ತು ಅಡಿ ಕೆಳಗಿನಿಂದ ತೇಲಿ ಬರುತ್ತದೆ. ಅಂಚುಗಲ್ಲಿನ ಪಕ್ಕದಲ್ಲೇ ಒಂದು ಬರ್ಚ್ ಗಿಡ ತೊಡೆಗಾತ್ರ ಬೆಳೆದಿತ್ತು. ಬೇರು ಎರಡು ಕಲ್ಲುಗಳ ಸಂದಿಯಲ್ಲಿ ಇಳಿದು, ಕೆಳಗಿನ ಮೂರನೇ ಸಾಲಿನಲ್ಲಿ ಮತ್ತೆ ಹೊರಗೆ ಇಣುಕಿತ್ತು. ಚೆಲುವಾದ ಗಿಡ, ಬಿಳಿ ತೊಗಟೆ ಸುಲಿದು ಕಾಗದದ ಹಾಗೆ ಗಾಳಿಗೆ ಅಲುಗುತ್ತಿತ್ತು.

“ಇದನ್ನು ಕಿತ್ತರಾಯಿತಲ್ಲ?” ಎಂದೆ.

“ಕೀಳೋ ಹಾಗಿಲ್ಲ ಮಾವ. ಬೇರು ಕಲ್ಲುಗಳನ್ನೂ ಎತ್ತಿಕೊಂಡು ಬರುತ್ತೆ.”

“ಬುಡಕ್ಕೆ ಕತ್ತರಿಸಿದರೆ?”

“ಕತ್ತರಿಸಬಹುದು. ಬೇರು ಒಳಗೇ ಕೊಳೆಯುತ್ತೆ. ಕೊಳೆತ ಮೇಲೆ ಅಷ್ಟು ದಪ್ಪದ ತೂತು ಉಳಿಯುತ್ತೆ, ಅದರಲ್ಲಿ ನೀರು ನಿಲ್ಲುತ್ತೆ. ಆದರೂ ಕತ್ತರಿಸೋದೇ ವಾಸಿ. ಬಿಟ್ಟರೆ ಇನ್ನೂ ದಪ್ಪ ಆಗುತ್ತೆ.”

“ಹಾಗಾದರೆ ಇದು ಬೆರಳುಗಾತ್ರ ಇದ್ದಾಗಲೇ ಕೀಳಬೇಕಿತ್ತು.”

“ಹೌದು. ಅದಕ್ಕೆ ವರ್ಷಕ್ಕೊಂದು ಸಲ ಕತ್ತರಿ ಹಿಡಿದು ಬರೋ ಒಬ್ಬ ಮನುಷ್ಯ ಸಾಕಿತ್ತು” ಎಂದು ಅವರು ಸುತ್ತ ನೋಡಿದರು. ಅಂಚಿನುದ್ದಕ್ಕೂ ಬೆರಳುಗಾತ್ರದ ಸಸಿಗಳು ಇನ್ನೂ ಹತ್ತಾರು ಇದ್ದವು.